ಬಿಟ್ಟಿ ಸಿಗುವುದರಲ್ಲಿ ಏಕಸ್ವಾಮ್ಯ ಹೇಗೆ ಬಂತು?

ಸುಮ್ನೆ_ಕೇಳ್ದೆ

ನಾನು ಕಾನೂನು ಓದಿದವನಲ್ಲ, ಮೊದಲೇ ಹೇಳಿಬಿಡುತ್ತೇನೆ. ಸರ್ಚ್ ವಿಷಯದಲ್ಲಿ ಗೂಗಲ್ ಏಕಸ್ವಾಮ್ಯ ನಡೆಸುತ್ತಿದೆ ಅಂತ 2024ರ ಆಗಸ್ಟ್‌ನಲ್ಲಿ ಅಮೆರಿಕದ ಕೋರ್ಟ್ ಹೇಳಿತು. ಅದನ್ನು ಓದಿದಾಗಿನಿಂದ ಒಂದು ಪ್ರಶ್ನೆ ತಲೆ ತಿನ್ನುತ್ತಿದೆ. ಹುಡುಕುವುದಕ್ಕೆ ನಾನು ಒಂದು ಕಾಸೂ ಕೊಟ್ಟಿಲ್ಲ. ಬೇರೆ ಸರ್ಚ್ ಎಂಜಿನ್ ಬೇಕಾದರೆ ಎರಡು ಸಲ ಒತ್ತಿದರೆ ಸಾಕು. ನನ್ನ ಕೈಯನ್ನು ಯಾರೂ ಕಟ್ಟಿಹಾಕಿಲ್ಲ. ಹಾಗಿರುವಾಗ ಏಕಸ್ವಾಮ್ಯ ಎಲ್ಲಿಂದ ಬಂತು? ದೊಡ್ಡದಾಗಿ ಬೆಳೆದದ್ದೇ ತಪ್ಪಾ?

ವ್ಯಂಗ್ಯ ಅಲ್ಲ. ತಿಳಿದವರು ಹೇಳಿ.

ಕಪ್ಪುಕೋಟು

ದೊಡ್ಡದಾಗಿರುವುದು ತಪ್ಪಲ್ಲ. ಇಷ್ಟು ಗೊತ್ತಾದರೆ ಅರ್ಧ ಗೊಂದಲ ಹೋಗುತ್ತದೆ. ಅಮೆರಿಕದ 1890ರ ಶರ್ಮನ್ ಕಾಯ್ದೆ ಇರಲಿ, ಯುರೋಪಿನ ಒಪ್ಪಂದದ 102ನೇ ವಿಧಿ ಇರಲಿ, ಭಾರತದ 2002ರ ಸ್ಪರ್ಧಾ ಕಾಯ್ದೆಯ 4ನೇ ಸೆಕ್ಷನ್ ಇರಲಿ, ಮೂರೂ ಹೇಳುವುದು ಹೆಚ್ಚುಕಮ್ಮಿ ಒಂದೇ. ಒಳ್ಳೆಯ ಮಾಲು ಮಾಡಿ, ಅದೃಷ್ಟವೂ ಕೂಡಿ ಬಂದು, ಕೊನೆಗೆ ನೀವೊಬ್ಬರೇ ಉಳಿದರೆ ಯಾರೂ ಕೇಳುವುದಿಲ್ಲ. ಆ ಜಾಗ ಉಳಿಸಿಕೊಳ್ಳಲು ಬೇರೆಯವರ ದಾರಿಗೆ ಮುಳ್ಳು ಹಾಕಿದರೆ ಕೇಳುತ್ತಾರೆ.

ಗೂಗಲ್ ಕೇಸಿನಲ್ಲಿ ನ್ಯಾಯಾಧೀಶ ಅಮಿತ್ ಮೆಹ್ತಾ ಸರ್ಚ್ ಎಂಜಿನ್ನನ್ನು ಬೈದಿಲ್ಲ. ಅದರ ಗುಣಮಟ್ಟ ಎಲ್ಲರಿಗಿಂತ ಮೇಲು ಅಂತ ತೀರ್ಪಿನಲ್ಲೇ ಬರೆದಿದ್ದಾರೆ. ತಪ್ಪು ಅಂದದ್ದು ಒಪ್ಪಂದಗಳನ್ನು. ಫೋನ್ ತಯಾರಕರಿಗೆ, ಬ್ರೌಸರ್ ಕಂಪನಿಗಳಿಗೆ, ಮೊಬೈಲ್ ನೆಟ್‌ವರ್ಕ್‌ಗಳಿಗೆ ಹಣ ಕೊಟ್ಟು ‘ಪೆಟ್ಟಿಗೆ ತೆರೆದ ಕೂಡಲೇ ನಮ್ಮದೇ ಇರಬೇಕು’ ಅಂತ ಬರೆಸಿಕೊಂಡ ಒಪ್ಪಂದಗಳು.

ಎದುರುವಾದಿ

ಕೋರ್ಟ್ ಹೇಳಿದ್ದನ್ನೆಲ್ಲ ಒಪ್ಪಲೇಬೇಕಾ? ಜನ ಗೂಗಲ್ ಬಳಸುವುದು ಅದು ಚೆನ್ನಾಗಿದೆ ಅಂತ. 2014ರ ಕೊನೆಯಲ್ಲಿ ಫೈರ್‌ಫಾಕ್ಸ್ ಅಮೆರಿಕದಲ್ಲಿ ಗೂಗಲ್ ಬಿಟ್ಟು ಯಾಹೂವನ್ನು ಡೀಫಾಲ್ಟ್ (ನಾವು ಆರಿಸದಿದ್ದರೂ ಮೊದಲೇ ಇರುವ ಸರ್ಚ್ ಎಂಜಿನ್) ಮಾಡಿಕೊಂಡಿತು. ಐದು ವರ್ಷದ ಒಪ್ಪಂದ. 2017ರ ನವೆಂಬರ್‌ನಲ್ಲೇ ಅದನ್ನು ಮುರಿದುಕೊಂಡು ಗೂಗಲ್‌ಗೆ ವಾಪಸ್ ಬಂತು. ಅಷ್ಟರಲ್ಲಿ ಬಹಳಷ್ಟು ಜನ ತಾವೇ ಸೆಟ್ಟಿಂಗ್ಸ್‌ಗೆ ಹೋಗಿ ಬದಲಾಯಿಸಿಕೊಂಡಿದ್ದರು. ಡೀಫಾಲ್ಟ್ ಅಷ್ಟು ಗಟ್ಟಿ ಹಗ್ಗವಾಗಿದ್ದರೆ ಅವರೆಲ್ಲ ಹೇಗೆ ಬಿಡಿಸಿಕೊಂಡರು?

ಲೆಕ್ಕದಮೇಷ್ಟ್ರು

ಒಳ್ಳೆಯ ಉದಾಹರಣೆ. ಆದರೆ ಅದರ ಪಕ್ಕದಲ್ಲೇ ಇನ್ನೊಂದನ್ನು ಇಟ್ಟು ನೋಡಿ. ಅದೇ ತೀರ್ಪಿನಲ್ಲಿ ಮೈಕ್ರೋಸಾಫ್ಟ್‌ನ ಎಡ್ಜ್ ಬ್ರೌಸರಿನ ಲೆಕ್ಕ ಬರುತ್ತದೆ. ಎಡ್ಜ್‌ನಲ್ಲಿ ಡೀಫಾಲ್ಟ್ ಇರುವುದು ಮೈಕ್ರೋಸಾಫ್ಟಿನದೇ ಸರ್ಚ್ ಎಂಜಿನ್ ಬಿಂಗ್. ಅಲ್ಲಿ ಸುಮಾರು ಶೇ. 80ರಷ್ಟು ಹುಡುಕಾಟ ಬಿಂಗ್‌ನಲ್ಲೇ ನಡೆಯುತ್ತದೆ. ಎಡ್ಜ್ ಆಚೆ ಬಂದು ಇಡೀ ಮಾರುಕಟ್ಟೆ ನೋಡಿದರೆ ಗೂಗಲ್ ಪಾಲು ಶೇ. 90ರ ಹತ್ತಿರ. ಎಡ್ಜ್‌ನಲ್ಲೇ ಉಳಿದವರಲ್ಲಿ ಬಿಂಗ್ ಇಷ್ಟಪಡುವವರು ಜಾಸ್ತಿ ಇರಬಹುದು, ಒಪ್ಪುತ್ತೇನೆ. ಆದರೆ ಚಿತ್ರ ಇಷ್ಟು ತಲೆಕೆಳಗಾಗುವುದಕ್ಕೆ ಅದೊಂದೇ ಕಾರಣ ಅಂದರೆ ನಂಬಲು ಕಷ್ಟ.

ಇನ್ನು ದುಡ್ಡಿನ ಮಾತು. 2021 ಒಂದೇ ವರ್ಷದಲ್ಲಿ ಈ ಡೀಫಾಲ್ಟ್ ಜಾಗಕ್ಕಾಗಿ ಗೂಗಲ್ ಕೊಟ್ಟದ್ದು 2,630 ಕೋಟಿ ಡಾಲರ್. 2022ರಲ್ಲಿ ಆ್ಯಪಲ್ ಒಂದಕ್ಕೇ ಸುಮಾರು 2,000 ಕೋಟಿ ಡಾಲರ್. ಜನ ಹೇಗಿದ್ದರೂ ತಾವಾಗಿಯೇ ಹುಡುಕಿಕೊಂಡು ಬರುತ್ತಾರೆ ಅನ್ನುವ ಧೈರ್ಯ ಇದ್ದವರು ಬಾಗಿಲಲ್ಲಿ ನಿಲ್ಲಲು ಇಷ್ಟು ಸುರಿಯುತ್ತಾರಾ?

ಎದುರುವಾದಿ

ಸುರಿಯುತ್ತಾರೆ. ಜಾಹೀರಾತು ಕೊಡುವವರೆಲ್ಲ ಮಾಡುವುದು ಅದನ್ನೇ ಅಲ್ವಾ? ಬೇರೆಯವರೂ ಹಣ ಕೊಟ್ಟು ಆ ಜಾಗ ಕೊಳ್ಳಬಹುದಿತ್ತು. ಮೈಕ್ರೋಸಾಫ್ಟ್ ಬಡ ಕಂಪನಿಯೇನೂ ಅಲ್ಲ. ಅವರು ಎಷ್ಟೇ ಕೊಟ್ಟರೂ ಬಿಂಗ್ ಹಾಕಿಕೊಳ್ಳುತ್ತಿರಲಿಲ್ಲ ಅಂತ ಆ್ಯಪಲ್‌ನ ಹಿರಿಯ ಅಧಿಕಾರಿ ಎಡ್ಡಿ ಕ್ಯೂ ಸಾಕ್ಷಿ ಹೇಳಿದರು. ಅಂದರೆ ಮತ್ತೆ ಗುಣಮಟ್ಟದ ವಿಷಯಕ್ಕೇ ಬಂದೆವು.

ಲೆಕ್ಕದಮೇಷ್ಟ್ರು

ಆ ಸಾಕ್ಷಿ ನಿಮ್ಮ ಕಡೆಯದ್ದು ಅಂದುಕೊಂಡಿದ್ದೀರಿ. ನನಗೆ ಹಾಗೆ ಕಾಣುವುದಿಲ್ಲ. ಎರಡನೇ ಸ್ಥಾನದಲ್ಲಿರುವ ಅಷ್ಟು ದೊಡ್ಡ ಕಂಪನಿಯೇ ಯಾವ ಬೆಲೆಗೂ ಆ ಜಾಗ ಕೊಳ್ಳಲಾರದು ಅಂದರೆ ಅಲ್ಲಿ ಸ್ಪರ್ಧೆ ಇದೆ ಅಂತಲೋ ಇಲ್ಲ ಅಂತಲೋ?

ಗುಣಮಟ್ಟ ಎಲ್ಲಿಂದ ಬರುತ್ತದೆ ಅನ್ನುವುದನ್ನೂ ನೋಡಬೇಕು. ಸರ್ಚ್ ಎಂಜಿನ್ ಕಲಿಯುವುದು ನಾವು ಒತ್ತುವುದನ್ನು ನೋಡಿ. ಹತ್ತು ಉತ್ತರ ಕೊಟ್ಟಾಗ ಮೂರನೆಯದನ್ನು ಎಲ್ಲರೂ ಒತ್ತಿದರೆ ನಾಳೆ ಅದು ಮೇಲೆ ಬರುತ್ತದೆ. ಒತ್ತಿ ಎರಡು ಸೆಕೆಂಡಿನಲ್ಲಿ ವಾಪಸ್ ಬಂದರೆ ಕೆಳಗೆ ಇಳಿಯುತ್ತದೆ. ಜನ ಜಾಸ್ತಿ ಬಂದಷ್ಟೂ ಕಲಿಕೆ ಜಾಸ್ತಿ. ಕಲಿತಷ್ಟೂ ಜನ ಜಾಸ್ತಿ. ಅಪರೂಪದ ಪ್ರಶ್ನೆಗಳಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಹವಾಮಾನ ಕೇಳಿದರೆ ಎಲ್ಲ ಎಂಜಿನ್ನೂ ಉತ್ತರ ಕೊಡುತ್ತದೆ. ಹಳೇ ಪ್ರಿಂಟರಿನ ಯಾವುದೋ ಎರರ್ ಸಂಖ್ಯೆ ಕೇಳಿ ನೋಡಿ. ಡೀಫಾಲ್ಟ್ ಜಾಗ ಕಳೆದುಕೊಂಡವನು ಇವತ್ತಿನ ಗಿರಾಕಿಯನ್ನಷ್ಟೇ ಕಳೆದುಕೊಳ್ಳುವುದಿಲ್ಲ, ನಾಳೆ ಚೆನ್ನಾಗಿ ಆಗುವ ದಾರಿಯನ್ನೇ ಕಳೆದುಕೊಳ್ಳುತ್ತಾನೆ.

ಸುಮ್ನೆ_ಕೇಳ್ದೆ

ಇದು ಅರ್ಥವಾಯಿತು. ಆದರೆ ನನ್ನ ಮೊದಲ ಪ್ರಶ್ನೆ ಹಾಗೇ ಇದೆ. ನನಗೆ ನಷ್ಟ ಎಲ್ಲಿ? ನಾನು ಹಣ ಕೊಡುತ್ತಿಲ್ಲವಲ್ಲ.

ಲೆಕ್ಕದಮೇಷ್ಟ್ರು

ಈ ಪ್ರಶ್ನೆ ಅರ್ಥಶಾಸ್ತ್ರದವರನ್ನೇ ಸುಸ್ತು ಮಾಡಿದೆ. ಮಾರುಕಟ್ಟೆಯ ಗಡಿ ಅಳೆಯಲು ಹಳೆಯದೊಂದು ಪರೀಕ್ಷೆ ಇದೆ. ಒಬ್ಬನೇ ಮಾರುವವನು ಬೆಲೆಯನ್ನು ಶೇ. 5ರಷ್ಟು ಏರಿಸಿದರೆ ಜನ ಎಲ್ಲಿಗೆ ಓಡುತ್ತಾರೆ ಅಂತ ನೋಡುವುದು. ಸೊನ್ನೆಯ ಶೇ. 5 ಎಷ್ಟು? ಸೊನ್ನೆ. ಪರೀಕ್ಷೆ ಅಲ್ಲೇ ಬಿತ್ತು.

ಹಾಗಾಗಿ ಎರಡು ಕಡೆ ನೋಡುತ್ತಾರೆ. ಒಂದು, ಹಣ ಕೊಡುವ ಕಡೆ. ನೀವು ಕೊಡುತ್ತಿಲ್ಲ, ಜಾಹೀರಾತು ಹಾಕುವವರು ಕೊಡುತ್ತಾರೆ. ಸರ್ಚ್‌ನ ಪಠ್ಯ ಜಾಹೀರಾತಿನ ಬೆಲೆಯನ್ನು ಎದುರಾಳಿಗಳ ಹಂಗಿಲ್ಲದೆ ಏರಿಸುವ ಶಕ್ತಿ ಗೂಗಲ್‌ಗೆ ಇತ್ತು, ಅದನ್ನು ಬಳಸಿತು ಅಂತ ಕೋರ್ಟ್ ಹೇಳಿದೆ. ಆ ಖರ್ಚು ಕೊನೆಗೆ ನಾವು ಕೊಳ್ಳುವ ವಸ್ತುವಿನ ಬೆಲೆಯೊಳಗೆ ಬಂದು ಕೂರುತ್ತದೆ. ಇನ್ನೊಂದು ಕಡೆ ಗುಣಮಟ್ಟ. ಪುಟದ ಮೇಲ್ಭಾಗ ಪೂರ್ತಿ ಜಾಹೀರಾತು, ಕೇಳಿದ್ದಕ್ಕಿಂತ ಹೆಚ್ಚು ಮಾಹಿತಿ ಎಳೆದುಕೊಳ್ಳುವುದು, ಇವೂ ಒಂದು ರೀತಿಯ ಬೆಲೆ ಏರಿಕೆಯೇ. ರಶೀದಿ ಬರುವುದಿಲ್ಲ, ಅಷ್ಟೇ.

ಭಾರತದ ಸ್ಪರ್ಧಾ ಆಯೋಗ 2024ರ ನವೆಂಬರ್‌ನಲ್ಲಿ ಮೆಟಾಕ್ಕೆ (ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ವಾಟ್ಸ್‌ಆ್ಯಪ್ ಮೂರರ ಒಡೆಯ ಕಂಪನಿ) 213.14 ಕೋಟಿ ರೂಪಾಯಿ ದಂಡ ಹಾಕಿದ್ದು ಇಂಥದ್ದಕ್ಕೇ. 2021ರ ವಾಟ್ಸ್‌ಆ್ಯಪ್ ಪ್ರೈವಸಿ ಪಾಲಿಸಿಯನ್ನು ‘ಒಪ್ಪಿ, ಇಲ್ಲವೇ ಹೊರಡಿ’ ಅಂತ ಮುಂದಿಟ್ಟದ್ದಕ್ಕೆ. ಅಲ್ಲಿ ಒಂದು ರೂಪಾಯಿ ಬೆಲೆಯೂ ಏರಿರಲಿಲ್ಲ. ಎಲ್ಲರೂ ಅಲ್ಲೇ ಇರುವಾಗ ನೀವೊಬ್ಬರೇ ಎಲ್ಲಿಗೆ ಹೋಗುತ್ತೀರಿ ಅನ್ನುವುದು ವಾದ.

ಮೂಲೆಸೀಟು

213 ಕೋಟಿ ಅಂದರೆ ಅವರಿಗೆ ಎಷ್ಟು ಹೊತ್ತಿನ ಸಂಪಾದನೆ? ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ.

ಹಳೇಮೋಡೆಮ್

ದಂಡದ ಮಾತು ಬಂತಲ್ಲ, ಹಳೇ ಕಥೆ ಹೇಳುತ್ತೇನೆ. ನಾನು ಇಂಟರ್ನೆಟ್ಟಿಗೆ ಬಂದಾಗ ನೆಟ್‌ಸ್ಕೇಪ್ ಅನ್ನುವ ಬ್ರೌಸರ್ ಇತ್ತು. ಎಲ್ಲರೂ ಅದನ್ನೇ ಬಳಸುತ್ತಿದ್ದರು. ಆಮೇಲೆ ವಿಂಡೋಸ್ ಜೊತೆಗೇ ಇಂಟರ್ನೆಟ್ ಎಕ್ಸ್‌ಪ್ಲೋರರ್ ಬರತೊಡಗಿತು. ತೆಗೆಯಲು ಹೋದರೆ ಬರುತ್ತಿರಲಿಲ್ಲ. 1998ರಲ್ಲಿ ಅಮೆರಿಕ ಸರ್ಕಾರ ಮೈಕ್ರೋಸಾಫ್ಟ್ ಮೇಲೆ ಕೇಸು ಹಾಕಿತು. 2000ದ ಜೂನ್‌ನಲ್ಲಿ ನ್ಯಾಯಾಧೀಶ ಜಾಕ್ಸನ್ ಕಂಪನಿಯನ್ನು ಎರಡು ಹೋಳು ಮಾಡಿ ಅಂದರು. ಮುಂದಿನ ವರ್ಷ ಮೇಲಿನ ಕೋರ್ಟ್ ಆ ಆದೇಶ ರದ್ದು ಮಾಡಿತು. ಕೇಸು ನಡೆಯುತ್ತಿರುವಾಗಲೇ ನ್ಯಾಯಾಧೀಶರು ಪತ್ರಕರ್ತರ ಜೊತೆ ಗುಟ್ಟಾಗಿ ಮಾತಾಡಿದ್ದರು, ಅದೂ ಒಂದು ಕಾರಣ. ಏಕಸ್ವಾಮ್ಯ ಉಳಿಸಿಕೊಳ್ಳಲು ಅಡ್ಡದಾರಿ ಹಿಡಿದದ್ದು ಮಾತ್ರ ನಿಜ ಅಂತ ಆ ಕೋರ್ಟೂ ಒಪ್ಪಿತು. ಕೊನೆಗೆ ರಾಜಿ ಆಯಿತು. ಅಷ್ಟು ಹೊತ್ತಿಗೆ ನೆಟ್‌ಸ್ಕೇಪ್ ಎಲ್ಲಿತ್ತು? ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ.

ಯುರೋಪಿನದು ಇನ್ನೂ ತಮಾಷೆ. 2004ರಲ್ಲಿ 49.7 ಕೋಟಿ ಯೂರೋ ದಂಡ ಹಾಕಿ, ಮೀಡಿಯಾ ಪ್ಲೇಯರ್ ಇಲ್ಲದ ವಿಂಡೋಸ್ ಮಾರಿ ಅಂದರು. ಮಾರಿದರು, ಅದೇ ಬೆಲೆಗೆ! ಅದೇ ಬೆಲೆಗೆ ಕಮ್ಮಿ ಮಾಲು ಯಾರು ಕೊಳ್ಳುತ್ತಾರೆ? ಯಾರೂ ಮೂಸಿ ನೋಡಲಿಲ್ಲ. ಆಮೇಲೆ ಬ್ರೌಸರ್ ಆರಿಸಿಕೊಳ್ಳುವ ಪರದೆ ತೋರಿಸುತ್ತೇವೆ ಅಂತ ಮೈಕ್ರೋಸಾಫ್ಟ್ 2009ರಲ್ಲಿ ಮಾತು ಕೊಟ್ಟಿತು. 2011ರಿಂದ 2012ರವರೆಗೆ ಒಂದು ವರ್ಷಕ್ಕೂ ಹೆಚ್ಚು ಕಾಲ ಸುಮಾರು 1.5 ಕೋಟಿ ಬಳಕೆದಾರರಿಗೆ ಆ ಪರದೆ ಕಾಣಲೇ ಇಲ್ಲ. ತಾಂತ್ರಿಕ ತಪ್ಪು ಅಂದರು. 2013ರಲ್ಲಿ ಮತ್ತೆ 56.1 ಕೋಟಿ ಯೂರೋ ದಂಡ. ನನಗೆ ಇಲ್ಲಿ ಮಜಾ ಅನ್ನಿಸುವುದು ಬೇರೆ. ಅಷ್ಟು ದಿನ ಆ ಪರದೆ ಇಲ್ಲ ಅನ್ನುವುದು ಜಾಸ್ತಿ ಜನರ ಗಮನಕ್ಕೇ ಬರಲಿಲ್ಲ.

ಎದುರುವಾದಿ

ಅದನ್ನೇ ನಾನೂ ಹೇಳುವುದು. ಯಾರಿಗೂ ಬೇಡವಾದ ಪರದೆ. ಎಕ್ಸ್‌ಪ್ಲೋರರನ್ನು ಸೋಲಿಸಿದ್ದು ಕೋರ್ಟ್ ಅಲ್ಲ. ಮೊದಲು ಫೈರ್‌ಫಾಕ್ಸ್, ಆಮೇಲೆ ಕ್ರೋಮ್.

ಹಳೇಮೋಡೆಮ್

ಅರ್ಧ ನಿಜ. ಆ ಕೇಸಿನ ಬಿಸಿ ತಗಲದೇ ಇದ್ದಿದ್ದರೆ ವಿಂಡೋಸ್ ಒಳಗೆ ಗೂಗಲ್ ಅನ್ನುವ ಪುಟಾಣಿ ಕಂಪನಿಯನ್ನು ಅಷ್ಟು ಆರಾಮಾಗಿ ಬೆಳೆಯಲು ಬಿಡುತ್ತಿದ್ದರಾ? ಸಾಬೀತು ಮಾಡಲು ಆಗುವುದಿಲ್ಲ, ಗೊತ್ತು. ಆದರೆ ಮನೆ ಮುಂದೆ ಪೊಲೀಸ್ ನಿಂತಾಗ ಜನ ಸ್ವಲ್ಪ ಮೆತ್ತಗೆ ಮಾತಾಡುತ್ತಾರೆ.

ಅರ್ಧಕೋಡು

ನೀವೆಲ್ಲ ಸರ್ಚ್ ಬಗ್ಗೆಯೇ ಮಾತಾಡುತ್ತಿದ್ದೀರಿ. ನನ್ನಂಥವರಿಗೆ ಹೊಡೆತ ಬೀಳುವುದು ಆ್ಯಪ್ ಸ್ಟೋರ್‌ನಲ್ಲಿ. ಯಾವ ಸ್ಟೋರ್ ಅಂತ ಹೇಳುವುದಿಲ್ಲ.

ಚಿಕ್ಕದೊಂದು ಆ್ಯಪ್ ಮಾಡಿದ್ದೆ. ತಿಂಗಳ ಚಂದಾ ಇತ್ತು. ನನ್ನ ವೆಬ್‌ಸೈಟಿನಲ್ಲಿ ಕಟ್ಟಿದರೆ ಸ್ವಲ್ಪ ಕಮ್ಮಿ, ಯಾಕೆಂದರೆ ಅಲ್ಲಿ ಕಮಿಷನ್ ಇಲ್ಲ. ಆ್ಯಪ್ ಒಳಗೆ ಒಂದೇ ಒಂದು ಸಾಲು ಬರೆದೆ: ‘ನಮ್ಮ ವೆಬ್‌ಸೈಟಿನಲ್ಲೂ ಚಂದಾ ಕಟ್ಟಬಹುದು.’ ಅಪ್‌ಡೇಟ್ ತಿರಸ್ಕಾರ ಆಯಿತು. ಸಾಲು ತೆಗೆದೆ. ಸಹಾಯದ ಪುಟದಲ್ಲಿ ವೆಬ್‌ಸೈಟಿನ ಕೊಂಡಿ ಉಳಿದುಬಿಟ್ಟಿತ್ತು, ಮತ್ತೆ ತಿರಸ್ಕಾರ. ಆ ಅಪ್‌ಡೇಟ್‌ನಲ್ಲಿ ಇದ್ದದ್ದು ಒಂದು ಬಗ್ ಸರಿಪಡಿಸುವ ಕೆಲಸ. ಬಳಕೆದಾರರು ನನ್ನನ್ನು ಬೈಯುತ್ತಿದ್ದರು. ನಾನು ಯಾರನ್ನು ಬೈಯಲಿ? ಉತ್ತರ ಬರುತ್ತಿದ್ದದ್ದು ಹೆಸರಿಲ್ಲದ ಇಮೇಲ್‌ನಿಂದ, ಪ್ರತಿ ಸಲ ಅದೇ ಎರಡು ಪ್ಯಾರಾ.

ಕಮಿಷನ್ ಕೊಡುವುದಕ್ಕೆ ನನಗೆ ಬೇಜಾರಿಲ್ಲ. ಸ್ಟೋರ್ ನಡೆಸಲು ಖರ್ಚಿದೆ. ಬೇರೆ ದಾರಿ ಇದೆ ಅಂತ ನನ್ನ ಗಿರಾಕಿಗೇ ಹೇಳುವ ಹಾಗಿಲ್ಲ ಅಂದರೆ ಹೇಗೆ?

ಕಪ್ಪುಕೋಟು

ಇದಕ್ಕೆ ಆ್ಯಂಟಿ-ಸ್ಟೀರಿಂಗ್ ಅಂತ ಹೆಸರು. ಎಪಿಕ್ ಅನ್ನುವ ಗೇಮ್ ಕಂಪನಿ ಆ್ಯಪಲ್ ಮೇಲೆ 2020ರಲ್ಲಿ ಹಾಕಿದ ಕೇಸಿನಲ್ಲಿ ಎಪಿಕ್ ಬಹುತೇಕ ಎಲ್ಲವನ್ನೂ ಸೋತಿತು. ಗೆದ್ದದ್ದು ಇದೊಂದೇ ಅಂಶ. ಬೇರೆ ಕಡೆ ಕಟ್ಟಬಹುದು ಅಂತ ಹೇಳುವುದನ್ನು ತಡೆಯಬೇಡಿ ಅಂತ ನ್ಯಾಯಾಧೀಶೆ ಇವಾನ್ ಗೊಂಜಾಲೆಜ್ ರೋಜರ್ಸ್ 2021ರಲ್ಲಿ ಆದೇಶ ಕೊಟ್ಟರು. ಮೇಲ್ಮನವಿಗಳೆಲ್ಲ ಮುಗಿದು 2024ರ ಜನವರಿಯಲ್ಲಿ ಅದು ಜಾರಿಗೆ ಬಂತು.

ಆಮೇಲೆ ನಡೆದದ್ದು ನೋಡಿ. ಕೊಂಡಿ ಹಾಕಿಕೊಳ್ಳಿ, ಆದರೆ ಆ ಕೊಂಡಿಯಿಂದ ಹೊರಗೆ ಹೋಗಿ ಏಳು ದಿನದೊಳಗೆ ಕೊಂಡದ್ದಕ್ಕೂ ನಮಗೆ ಶೇ. 27 ಕೊಡಿ ಅಂದಿತು ಆ್ಯಪಲ್. ಒಳಗಿನ ಕಮಿಷನ್ ಶೇ. 30. ಹಣ ಪಡೆಯುವ ವ್ಯವಸ್ಥೆಗೆ ಡೆವಲಪರ್ ಬೇರೆ ಖರ್ಚು ಮಾಡಬೇಕು, ಅಲ್ಲಿಗೆ ಉಳಿತಾಯ ಸೊನ್ನೆ. ಜೊತೆಗೆ ‘ನೀವು ಹೊರಗೆ ಹೋಗುತ್ತಿದ್ದೀರಿ’ ಅಂತ ಹೆದರಿಸುವ ಪರದೆ. ಕೋರ್ಟ್ ಚಾಪೆ ಕೆಳಗೆ ತೂರಿದರೆ ಇವರು ರಂಗೋಲಿ ಕೆಳಗೆ ತೂರಿದರು. 2025ರ ಏಪ್ರಿಲ್‌ನಲ್ಲಿ ಅದೇ ನ್ಯಾಯಾಧೀಶೆ ಇದನ್ನು ನ್ಯಾಯಾಂಗ ನಿಂದನೆ ಅಂದರು. ಕ್ರಿಮಿನಲ್ ತನಿಖೆ ಬೇಕಾ ನೋಡಿ ಅಂತ ಸರ್ಕಾರಿ ವಕೀಲರಿಗೂ ಕಳಿಸಿದರು.

ಇದೇ ಶೇ. 27ರ ಉಪಾಯ ನೆದರ್ಲೆಂಡ್ಸ್‌ನಲ್ಲಿ ಡೇಟಿಂಗ್ ಆ್ಯಪ್‌ಗಳ ವಿಷಯದಲ್ಲಿ ಮೊದಲೇ ಬಂದಿತ್ತು. ದಕ್ಷಿಣ ಕೊರಿಯಾ 2021ರಲ್ಲಿ ಬೇರೆ ಪೇಮೆಂಟ್ ವ್ಯವಸ್ಥೆಗೆ ಅವಕಾಶ ಕೊಡಿ ಅಂತ ಕಾನೂನೇ ಮಾಡಿತು. ಗೂಗಲ್ ಅವಕಾಶ ಕೊಟ್ಟಿತು, ಕಮಿಷನ್‌ನಲ್ಲಿ ನಾಲ್ಕು ಪಾಯಿಂಟ್ ಮಾತ್ರ ಇಳಿಸಿತು.

ಅರ್ಧಕೋಡು

ನಾಲ್ಕು ಪಾಯಿಂಟ್. ಕಾರ್ಡ್ ಕಂಪನಿಯೇ ಅಷ್ಟು ನುಂಗುತ್ತದೆ.

ಎದುರುವಾದಿ

ನಿಮ್ಮ ಕಷ್ಟ ಅರ್ಥವಾಗುತ್ತದೆ. ಆದರೂ ಕೇಳುತ್ತೇನೆ. ಆ ಸ್ಟೋರ್ ಕಟ್ಟಿದವರು ಅವರು. ಫೋನ್ ಮಾಡಿದವರೂ ಅವರೇ. ತಮ್ಮ ಮನೆಗೆ ತಮ್ಮ ನಿಯಮ ಅಂದರೆ ತಪ್ಪೇನು?

ಕಪ್ಪುಕೋಟು

ಮನೆ ಆಗಿದ್ದರೆ ತಪ್ಪಿಲ್ಲ. ಸೇತುವೆ ಆಗಿದ್ದರೆ?

ಇದು ಉಪಮೆ ಅಲ್ಲ, ನಿಜವಾದ ಕೇಸು. ಅಮೆರಿಕದ ಸೇಂಟ್ ಲೂಯಿಸ್ ಹತ್ತಿರ ಮಿಸಿಸಿಪ್ಪಿ ನದಿ ದಾಟುವ ರೈಲು ಸೇತುವೆಗಳೆಲ್ಲ ಒಂದೇ ಕೂಟದ ಕೈಯಲ್ಲಿದ್ದವು. ಎಲ್ಲ ರೈಲು ಕಂಪನಿಗಳೂ ಆ ಕೂಟದಲ್ಲಿ ಇರಲಿಲ್ಲ. ಬೇರೆ ಕಂಪನಿಯ ರೈಲು ನದಿ ದಾಟಬೇಕಾದರೆ ಇವರ ಮುಂದೆ ಕೈಕಟ್ಟಿ ನಿಲ್ಲಬೇಕು. 1912ರಲ್ಲಿ ಸುಪ್ರೀಂ ಕೋರ್ಟ್ ಸೇತುವೆ ಕಿತ್ತುಕೊಳ್ಳಲಿಲ್ಲ, ಒಡೆಯಲೂ ಇಲ್ಲ. ಬರುವ ಬೇರೆ ಕಂಪನಿಗಳನ್ನೂ ನ್ಯಾಯವಾದ ಷರತ್ತಿನ ಮೇಲೆ ಒಳಗೆ ಸೇರಿಸಿಕೊಳ್ಳಿ ಅಂತ ಹೇಳಿತು. ಮರುವರ್ಷ, 1913ರಲ್ಲಿ, ಅಮೆರಿಕದ ದೊಡ್ಡ ಟೆಲಿಫೋನ್ ಕಂಪನಿ ಎಟಿ ಅಂಡ್ ಟಿ ಕೂಡ ಸ್ವತಂತ್ರ ಟೆಲಿಫೋನ್ ಕಂಪನಿಗಳಿಗೆ ತನ್ನ ದೂರದ ಲೈನುಗಳ ಸಂಪರ್ಕ ಕೊಡಲು ಒಪ್ಪಿತು. ಇವತ್ತು ಯಾವ ನೆಟ್‌ವರ್ಕಿನಿಂದ ಯಾವುದಕ್ಕೆ ಬೇಕಾದರೂ ಫೋನ್ ಮಾಡುತ್ತೇವಲ್ಲ, ಅದು ತಾನಾಗಿ ಬಂದದ್ದಲ್ಲ.

ಯುರೋಪಿನ ಹೊಸ ಡಿಜಿಟಲ್ ಮಾರ್ಕೆಟ್ಸ್ ಕಾಯ್ದೆಯಲ್ಲಿ ‘ಗೇಟ್‌ಕೀಪರ್’ (ಬಾಗಿಲು ಕಾಯುವವನು) ಅನ್ನುವ ಪದ ಸುಮ್ನೆ ಬಂದಿಲ್ಲ.

ಮೂಲೆಸೀಟು

ಸೇತುವೆ ಮಾಲೀಕನೇ ರೈಲೂ ಓಡಿಸಿದರೆ ಇನ್ನೂ ಚೆಂದ.

ಲೆಕ್ಕದಮೇಷ್ಟ್ರು

ಅದೇ ಗೂಗಲ್ ಶಾಪಿಂಗ್ ಕೇಸು. ಬೆಲೆ ಹೋಲಿಸಿ ತೋರಿಸುವ ತಾಣಗಳು ಹುಡುಕಾಟದಲ್ಲಿ ಕೆಳಗೆ, ಗೂಗಲ್‌ನ ಸ್ವಂತ ಶಾಪಿಂಗ್ ಪೆಟ್ಟಿಗೆ ಮೇಲೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಫೌಂಡೆಮ್ ಅನ್ನುವ ಬ್ರಿಟನ್ನಿನ ಪುಟ್ಟ ತಾಣ ಶುರುವಾದದ್ದು 2006ರಲ್ಲಿ. ಯುರೋಪಿಯನ್ ಕಮಿಷನ್‌ಗೆ ದೂರು ಕೊಟ್ಟದ್ದು 2009ರಲ್ಲಿ. 242 ಕೋಟಿ ಯೂರೋ ದಂಡದ ಆದೇಶ ಬಂದದ್ದು 2017ರಲ್ಲಿ. ಕೊನೆಯ ಕೋರ್ಟ್ ಅದನ್ನು ಎತ್ತಿ ಹಿಡಿದದ್ದು 2024ರ ಸೆಪ್ಟೆಂಬರ್‌ನಲ್ಲಿ. ದೂರಿನಿಂದ ಕೊನೆಯ ಮಾತಿನವರೆಗೆ ಹದಿನೈದು ವರ್ಷ. ಅಷ್ಟರಲ್ಲಿ ಫೌಂಡೆಮ್ ಮುಚ್ಚಿಯೇ ಹೋಗಿತ್ತು.

ಎದುರುವಾದಿಯವರಿಗೂ ಒಂದು ಅಂಕ ಕೊಡಬೇಕು. ಎಲ್ಲ ಕೇಸೂ ನಿಲ್ಲುವುದಿಲ್ಲ. ಗೂಗಲ್‌ನ ಆ್ಯಡ್‌ಸೆನ್ಸ್ ಅನ್ನುವ ಜಾಹೀರಾತು ಸೇವೆಯ ಮೇಲೆ ಹಾಕಿದ್ದ 149 ಕೋಟಿ ಯೂರೋ ದಂಡವನ್ನು ಅದೇ 2024ರ ಸೆಪ್ಟೆಂಬರ್‌ನಲ್ಲಿ ಯುರೋಪಿನ ಇನ್ನೊಂದು ಕೋರ್ಟ್ ರದ್ದು ಮಾಡಿತು.

ಸುಮ್ನೆ_ಕೇಳ್ದೆ

ಹದಿನೈದು ವರ್ಷ! ಹಾಗಾದರೆ ಕಾದು ಕೂರುವ ಬದಲು ಮೊದಲೇ ತಡೆಯಬಾರದಾ? ಇನ್‌ಸ್ಟಾಗ್ರಾಮ್ ಕೊಂಡಾಗ ಯಾಕೆ ಯಾರೂ ತಡೆಯಲಿಲ್ಲ?

ಲೆಕ್ಕದಮೇಷ್ಟ್ರು

2012ರಲ್ಲಿ ಇನ್‌ಸ್ಟಾಗ್ರಾಮ್ ಹೇಗಿತ್ತು ನೆನಪಿಸಿಕೊಳ್ಳಿ. ಹದಿಮೂರು ಜನ ಕೆಲಸ ಮಾಡುತ್ತಿದ್ದರು, ಸಂಪಾದನೆ ಏನೂ ಇರಲಿಲ್ಲ. ಫೇಸ್‌ಬುಕ್ 100 ಕೋಟಿ ಡಾಲರ್ ಕೊಡುತ್ತೇನೆ ಅಂದಾಗ ಹುಚ್ಚು ಅಂದವರೇ ಜಾಸ್ತಿ. ಇಂಥ ಖರೀದಿ ಪರಿಶೀಲಿಸುವ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ನೋಡಿ ಸುಮ್ಮನಾಯಿತು. 2014ರಲ್ಲಿ ವಾಟ್ಸ್‌ಆ್ಯಪ್, 1,900 ಕೋಟಿ ಡಾಲರ್. ಎರಡೂ ಕಡೆಯ ಖಾತೆಗಳನ್ನು ತಾನಾಗಿ ಜೋಡಿಸಲು ಬರುವುದಿಲ್ಲ ಅಂತ ಆಗ ಯುರೋಪಿಗೆ ಫೇಸ್‌ಬುಕ್ ಹೇಳಿತ್ತು. ಅದು ದಾರಿ ತಪ್ಪಿಸುವ ಮಾಹಿತಿ ಅಂತ 2017ರಲ್ಲಿ 11 ಕೋಟಿ ಯೂರೋ ದಂಡ ಬಿತ್ತು. ಖರೀದಿ ಮಾತ್ರ ಹಾಗೇ ಉಳಿಯಿತು.

ಸುಮ್ಮನಿದ್ದ ಅದೇ ಕಮಿಷನ್ 2020ರಲ್ಲಿ ಎರಡೂ ಖರೀದಿ ರದ್ದಾಗಬೇಕು ಅಂತ ಕೋರ್ಟಿಗೆ ಹೋಯಿತು. ಪೈಪೋಟಿ ಮಾಡುವುದಕ್ಕಿಂತ ಕೊಂಡುಬಿಡುವುದು ಮೇಲು ಅನ್ನುವ ಅರ್ಥದ ಜುಕರ್‌ಬರ್ಗ್ ಅವರ 2008ರ ಇಮೇಲ್ ಕೈಯಲ್ಲಿತ್ತು. ಆದರೂ 2025ರ ನವೆಂಬರ್‌ನಲ್ಲಿ ಸೋತಿತು. ಯಾಕೆ ಸೋತಿತು ಅನ್ನುವುದು ನನಗೆ ಈ ಇಡೀ ವಿಷಯದಲ್ಲೇ ಕುತೂಹಲದ ಭಾಗ. ಗೆಳೆಯರು, ಮನೆಯವರು ಸೇರುವ ಸೋಶಿಯಲ್ ನೆಟ್‌ವರ್ಕ್ ಅನ್ನುವುದೇ ಒಂದು ಪ್ರತ್ಯೇಕ ಮಾರುಕಟ್ಟೆ ಅಂತ ಕಮಿಷನ್ ವಾದಿಸಿತು. ಅದರಲ್ಲಿ ಮೆಟಾಗೆ ಎದುರಾಳಿ ಅಂದರೆ ಮುಖ್ಯವಾಗಿ ಸ್ನ್ಯಾಪ್‌ಚಾಟ್. ನ್ಯಾಯಾಧೀಶ ಬೋಸ್‌ಬರ್ಗ್ ಒಪ್ಪಲಿಲ್ಲ. ಜನ ಫೇಸ್‌ಬುಕ್‌ನಲ್ಲಿ ಕಳೆಯುವ ಸಮಯದಲ್ಲಿ ಗೆಳೆಯರ ಪೋಸ್ಟ್ ನೋಡುವುದು ಶೇ. 17, ಇನ್‌ಸ್ಟಾಗ್ರಾಮ್‌ನಲ್ಲಿ ಶೇ. 7 ಮಾತ್ರ. ಉಳಿದದ್ದರಲ್ಲಿ ಹೆಚ್ಚಿನದು ಗುರುತಿಲ್ಲದವರ ವಿಡಿಯೊ. ಹಾಗಾದರೆ ಟಿಕ್‌ಟಾಕ್, ಯೂಟ್ಯೂಬ್ ಎದುರಾಳಿಗಳಲ್ಲದೆ ಮತ್ತೇನು ಅಂದರು.

ಹಳೇ ಕೇಸೊಂದು ನೆನಪಾಗುತ್ತದೆ. 1956ರಲ್ಲಿ ಡ್ಯುಪಾಂಟ್ ಕಂಪನಿಯ ಸೆಲೋಫೇನ್ ಹಾಳೆ. ಸೆಲೋಫೇನ್ ಮಾತ್ರ ಲೆಕ್ಕ ಹಿಡಿದರೆ ಅವರ ಪಾಲು ಶೇ. 75ರ ಸುಮಾರು. ಸುತ್ತುವ ಹಾಳೆಗಳನ್ನೆಲ್ಲ ಸೇರಿಸಿದರೆ ಶೇ. 20ಕ್ಕಿಂತ ಕಮ್ಮಿ. ಕೋರ್ಟ್ ಎರಡನೆಯದನ್ನು ಆರಿಸಿತು, ಡ್ಯುಪಾಂಟ್ ಗೆದ್ದಿತು. ಬೆಲೆಯನ್ನು ಆಗಲೇ ಮಿತಿ ಮೀರಿ ಏರಿಸಿದ್ದರೆ ಜನ ಬೇರೆ ಹಾಳೆಯ ಕಡೆ ನೋಡೇ ನೋಡುತ್ತಾರೆ, ಅದರಿಂದ ಶಕ್ತಿ ಇಲ್ಲ ಅಂತ ಹೇಳಲಾಗದು ಅಂತ ಅರ್ಥಶಾಸ್ತ್ರದವರು ಇಂದಿಗೂ ಆ ತೀರ್ಪನ್ನು ಬೈಯುತ್ತಾರೆ. ಮಾರುಕಟ್ಟೆಯ ಗೆರೆ ಎಲ್ಲಿ ಎಳೆಯುತ್ತೀರಿ ಅನ್ನುವಲ್ಲೇ ಮುಕ್ಕಾಲು ಕೇಸು ಮುಗಿದಿರುತ್ತದೆ.

ಕಪ್ಪುಕೋಟು

ಕೊಳ್ಳುವ ಹಂತದಲ್ಲೇ ತಡೆಯಲು ಒಂದು ಬದಲಾವಣೆ ಬಂದಿದೆ. ಮೊದಲು ಆಸ್ತಿ, ವಹಿವಾಟು ನೋಡಿ ಪರಿಶೀಲನೆ ಬೇಕಾ ಬೇಡವಾ ಅಂತ ತೀರ್ಮಾನಿಸುತ್ತಿದ್ದರು. ಸಂಪಾದನೆ ಇಲ್ಲದ ಆ್ಯಪ್ ಆ ಜರಡಿಯಲ್ಲಿ ಜಾರಿಹೋಗುತ್ತಿತ್ತು. ಭಾರತದಲ್ಲಿ 2024ರ ಸೆಪ್ಟೆಂಬರ್‌ನಿಂದ ಒಪ್ಪಂದದ ಮೊತ್ತವನ್ನೂ ನೋಡುತ್ತಾರೆ. 2,000 ಕೋಟಿ ರೂಪಾಯಿ ದಾಟಿದರೆ, ಇಲ್ಲಿ ಗಣನೀಯ ವ್ಯವಹಾರವೂ ಇದ್ದರೆ, ಆಯೋಗಕ್ಕೆ ಹೇಳಲೇಬೇಕು.

ಮೇಲೆ ಹೇಳಿದ ಯುರೋಪಿನ ಡಿಜಿಟಲ್ ಮಾರ್ಕೆಟ್ಸ್ ಕಾಯ್ದೆ ಇನ್ನೂ ಮುಂದೆ ಹೋಗಿದೆ. ದುರುಪಯೋಗ ಸಾಬೀತಾಗುವವರೆಗೆ ಅದು ಕಾಯುವುದಿಲ್ಲ. ಯುರೋಪಿನಲ್ಲಿ ತಿಂಗಳಿಗೆ 4.5 ಕೋಟಿ ಬಳಕೆದಾರರು, ವರ್ಷಕ್ಕೆ 10,000 ವ್ಯಾಪಾರಿ ಬಳಕೆದಾರರು, ಅದರ ಜೊತೆಗೆ 750 ಕೋಟಿ ಯೂರೋ ವಹಿವಾಟು ಅಥವಾ 7,500 ಕೋಟಿ ಯೂರೋ ಮಾರುಕಟ್ಟೆ ಮೌಲ್ಯ ಇದ್ದರೆ ನೀವು ಗೇಟ್‌ಕೀಪರ್. 2023ರ ಸೆಪ್ಟೆಂಬರ್‌ನಲ್ಲಿ ಆರು ಕಂಪನಿಗಳನ್ನು ಹೆಸರಿಸಿದರು. 2024ರ ಮಾರ್ಚ್ 7ರಿಂದ ಪಾಲಿಸಲೇಬೇಕು. ತಪ್ಪಿದರೆ ಜಗತ್ತಿನಾದ್ಯಂತದ ವಹಿವಾಟಿನ ಶೇ. 10ರವರೆಗೆ ದಂಡ. ಮೊದಲ ದಂಡ 2025ರ ಏಪ್ರಿಲ್‌ನಲ್ಲಿ ಬಿತ್ತು: ಆ್ಯಪಲ್‌ಗೆ 50 ಕೋಟಿ ಯೂರೋ, ಮೆಟಾಗೆ 20 ಕೋಟಿ. ಆ್ಯಪಲ್‌ನದ್ದು ಅರ್ಧಕೋಡು ಹೇಳಿದ ಆ ಒಂದು ಸಾಲಿನ ವಿಷಯವೇ.

ಭಾರತದಲ್ಲೂ ಇದೇ ಜಾಡಿನ ಡಿಜಿಟಲ್ ಸ್ಪರ್ಧಾ ಮಸೂದೆಯ ಕರಡು 2024ರ ಮಾರ್ಚ್‌ನಲ್ಲಿ ಹೊರಬಂತು.

ಎದುರುವಾದಿ

ಅದರ ಇನ್ನೊಂದು ಮುಖವನ್ನೂ ಹೇಳಿ. ಯುರೋಪಿನಲ್ಲಿ ಈಗ ಗೂಗಲ್‌ನಲ್ಲಿ ಒಂದು ಜಾಗ ಹುಡುಕಿದರೆ ಮೇಲೆ ಕಾಣುವ ಪುಟ್ಟ ನಕ್ಷೆ ಒತ್ತಿ ಮ್ಯಾಪ್ಸ್‌ಗೆ ಹೋಗಲು ಆಗುವುದಿಲ್ಲ. ಸ್ವಂತ ಸೇವೆಗೆ ಒಲವು ತೋರಬಾರದಲ್ಲ, ತೆಗೆದರು. ಇದರಿಂದ ಯಾವ ಬಳಕೆದಾರನಿಗೆ ಲಾಭ ಆಯಿತು? ನೇರ ಬುಕಿಂಗ್ ಕಮ್ಮಿಯಾಗಿ ಮಧ್ಯವರ್ತಿ ತಾಣಗಳಿಗೆ ಲಾಭವಾಯಿತು ಅಂತ ಹೋಟೆಲ್‌ನವರೇ ಗೊಣಗಿದರು. ಆ್ಯಪಲ್ 2024ರಲ್ಲಿ ಕೆಲವು ಹೊಸ ಸೌಲಭ್ಯಗಳನ್ನು ಯುರೋಪಿಗೆ ತಡ ಮಾಡಿತು. ಒಬ್ಬ ದೊಡ್ಡವನನ್ನು ಹಿಡಿಯಲು ಹೋಗಿ ಇನ್ನೊಬ್ಬ ದೊಡ್ಡವನಿಗೆ ದಾರಿ ಮಾಡಿಕೊಡುವುದು ಯಾವ ಸೀಮೆ ಸ್ಪರ್ಧೆ?

ಲೆಕ್ಕದಮೇಷ್ಟ್ರು

ನಕ್ಷೆಯ ವಿಷಯದಲ್ಲಿ ನಿಮ್ಮ ಮಾತು ಸರಿ. ಅದು ದಡ್ಡ ಪರಿಣಾಮ. ಯಾವ ನಕ್ಷೆ ಬೇಕು ಅಂತ ಕೇಳಬಹುದಿತ್ತು. ಆದರೆ ಹಾಗೆ ಕೇಳಲು ಗೂಗಲ್‌ಗೆ ಯಾರೂ ಅಡ್ಡಿ ಮಾಡಿರಲಿಲ್ಲ ಅನ್ನುವುದನ್ನೂ ಗಮನಿಸಿ.

ಸುಮ್ನೆ_ಕೇಳ್ದೆ

ಮತ್ತೆ ಮೊದಲಿನ ಕೇಸಿಗೆ ಬರುತ್ತೇನೆ. ಗೂಗಲ್ ತಪ್ಪು ಅಂತಾಯಿತು. ಶಿಕ್ಷೆ ಏನು ಕೊಟ್ಟರು?

ಕಪ್ಪುಕೋಟು

2025ರ ಸೆಪ್ಟೆಂಬರ್ 2ರಂದು ಹೇಳಿದರು. ಕ್ರೋಮ್ ಮಾರಿಸಬೇಕು ಅಂತ ಸರ್ಕಾರ ಕೇಳಿತ್ತು, ಕೊಡಲಿಲ್ಲ. ಡೀಫಾಲ್ಟ್‌ಗೆ ಹಣ ಕೊಡುವುದನ್ನೂ ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಆ ಹಣದಲ್ಲೇ ಬದುಕುವ ಬ್ರೌಸರ್ ಕಂಪನಿಗಳು ಮೊದಲು ಸಾಯುತ್ತವೆ ಅನ್ನುವ ಹೆದರಿಕೆ. ‘ನಮ್ಮದೊಂದೇ ಇರಬೇಕು’ ಅನ್ನುವ ಷರತ್ತು ಮಾತ್ರ ಕೂಡದು. ಜೊತೆಗೆ ಅರ್ಹ ಎದುರಾಳಿಗಳಿಗೆ ಹುಡುಕಾಟದ ಸೂಚಿಯ, ಬಳಕೆದಾರರು ಒತ್ತುವುದರ ಮಾಹಿತಿಯ ಒಂದು ಭಾಗ ಕೊಡಬೇಕು. ಮೇಷ್ಟ್ರು ಮೇಲೆ ಹೇಳಿದ ಆ ಸುತ್ತು ಇದೆಯಲ್ಲ, ಅದಕ್ಕೇ ಕೈ ಹಾಕಿದ್ದಾರೆ. ಎಐ ಚಾಟ್‌ಬಾಟ್‌ಗಳು ಬಂದು ಪರಿಸ್ಥಿತಿ ಬದಲಾಗಿದೆ ಅನ್ನುವುದನ್ನೂ ನ್ಯಾಯಾಧೀಶರು ಲೆಕ್ಕಕ್ಕೆ ತೆಗೆದುಕೊಂಡರು.

ಹಳೇಮೋಡೆಮ್

ನನ್ನ ವಯಸ್ಸಿನವರಿಗೆ ಇದು ಎರಡನೇ ಸಲ. ಕಂಪನಿ ಒಡೆಯುತ್ತಾರೆ ಅಂತ ಕಾಯುವುದು, ಒಡೆಯದೇ ಇರುವುದು. ಸ್ಟ್ಯಾಂಡರ್ಡ್ ಆಯಿಲ್ ಕಂಪನಿಯನ್ನು 1911ರಲ್ಲಿ 34 ಹೋಳು ಮಾಡಿದ ಮಂದಿಗೆ ಏನಾಯಿತೋ.

ಸುಮ್ನೆ_ಕೇಳ್ದೆ

(ಮೂರು ವಾರ ಬಿಟ್ಟು ಬರೆಯುತ್ತಿದ್ದೇನೆ.) ನಿಮ್ಮ ಜಗಳ ಓದಿ ನನ್ನ ಫೋನಿನಲ್ಲಿ ಸರ್ಚ್ ಎಂಜಿನ್ ಬದಲಾಯಿಸಿದೆ. ಮೊದಲ ಎರಡು ದಿನ ಕಿರಿಕಿರಿ. ನಾಲ್ಕನೇ ದಿನ ಯಾವುದೋ ಹಳೇ ಕಡತ ಹುಡುಕಬೇಕಿತ್ತು, ಸಿಗಲಿಲ್ಲ, ಗೂಗಲ್‌ಗೆ ಹೋದೆ, ಅಲ್ಲಿ ಸಿಕ್ಕಿತು. ವಾಪಸ್ ಬದಲಾಯಿಸಬೇಕು ಅಂದುಕೊಂಡೆ. ಆಮೇಲೆ ಮರೆತೆ. ಇವತ್ತು ನೋಡಿದರೆ ಇನ್ನೂ ಅದೇ ಇದೆ. ಇದರಲ್ಲಿ ಯಾರು ಗೆದ್ದ ಹಾಗೆ?

ಎದುರುವಾದಿ

ನಾನು. ಬೇಕಾದಾಗ ಬದಲಾಯಿಸಿದಿರಿ, ಕಷ್ಟ ಬಂದಾಗ ಚೆನ್ನಾಗಿರುವುದರ ಹತ್ತಿರ ಹೋದಿರಿ.

ಲೆಕ್ಕದಮೇಷ್ಟ್ರು

ಇಷ್ಟವಿಲ್ಲದ್ದು ಮೂರು ವಾರ ಫೋನಿನಲ್ಲಿ ಕೂತಿತ್ತು, ಬದಲಾಯಿಸಲು ಮರೆತರಂತೆ. ಅದು ನಿಮ್ಮ ಗೆಲುವಾ? ಅದಿರಲಿ, ಸುಮ್ನೆ_ಕೇಳ್ದೆ ಅವರೇ, ಮೊದಲ ದಿನ ನೀವು ‘ಎರಡು ಸಲ ಒತ್ತಿದರೆ ಸಾಕು’ ಅಂದಿದ್ದಿರಿ. ಎಷ್ಟು ಸಲ ಒತ್ತಿದಿರಿ?

ಸುಮ್ನೆ_ಕೇಳ್ದೆ

ಆರು. ಅದರಲ್ಲಿ ಎರಡು ತಪ್ಪು ಜಾಗಕ್ಕೆ ಹೋಗಿದ್ದು. ಫೋನ್ ಯಾವುದು ಅಂತ ಬೇಡ. ಬ್ರೌಸರಿನಲ್ಲಿ ಬದಲಾಯಿತು, ಆದರೆ ಫೋನ್ ತೆರೆದ ಕೂಡಲೇ ಮೇಲೆ ಕಾಣುತ್ತದಲ್ಲ ಹುಡುಕುವ ಪಟ್ಟಿ, ಅದು ಹಳೆಯದೇ ಉಳಿದಿದೆ. ಅದನ್ನು ಬದಲಾಯಿಸುವ ಸೆಟ್ಟಿಂಗ್ ಎಲ್ಲಿದೆ, ಯಾರಿಗಾದರೂ ಗೊತ್ತಾ?